ಜಲಚಕ್ರವೂ ನಮ್ಮ ಬಯಲುಸೀಮೆಯೂ

ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಆಕಾಶವನ್ನು ನೋಡುವ ವಿದ್ಯೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಅಕ್ಷರಾಭ್ಯಾಸಕ್ಕಿಂತ ಮೊದಲೇ ಅದು ಬಂದಿರುತ್ತದೆ. ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲವುಂಟು. ಅದರಲ್ಲಿ ಶೇಂಗಾ ಬೆಳೆಯುತ್ತೇವೆ. ಮಳೆ ಬಂದ ವರ್ಷ ಬೆಳೆ, ಬಾರದ ವರ್ಷ ಸಾಲ. ಇದು ನಮ್ಮ ಮನೆಯೊಂದರ ಕಥೆಯಲ್ಲ; ಈ ಪತ್ರಿಕೆಯನ್ನು ಓದುವ ನನ್ನ ಸಹಪಾಠಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಯ ಕಥೆಯೂ ಇದೇ ಆಗಿರುತ್ತದೆ.

೨೦೨೩ನೆಯ ಇಸವಿಯ ಪುಷ್ಯ ಮಳೆಯ ಕಾಲ. ನಾನೂ ನನ್ನ ಗೆಳೆಯನೊಬ್ಬನೂ ದುರ್ಗದ ಒಂದು ಬಾಡಿಗೆ ಕೊಠಡಿಯಲ್ಲಿದ್ದೆವು. ಗೆಳೆಯನು ತೀರ್ಥಹಳ್ಳಿ ತಾಲ್ಲೂಕಿನವನು. ಸೋದರಮಾವನಿಗೆ ಇಲ್ಲಿ ನೌಕರಿಯಿದ್ದುದರಿಂದ ಓದಲು ಬಂದವನು, ಮಾವನಿಗೆ ವರ್ಗವಾದ ಮೇಲೆ ನನ್ನ ಕೊಠಡಿ ಸೇರಿದವನು. ಒಂದು ಸಂಜೆ ನಮ್ಮಿಬ್ಬರಿಗೂ ಮನೆಯಿಂದ ಫೋನು ಬಂದಿತು. ಅವನ ಮನೆಯಲ್ಲಿ ನಾಲ್ಕು ದಿನದಿಂದ ಬಿಡುವಿಲ್ಲದ ಮಳೆ; ಅಡಿಕೆ ಗೊನೆಗಳಿಗೆ ಕೊಳೆ ಹಿಡಿಯುತ್ತಿದೆ, ಔಷಧಿ ಹೊಡೆಯೋಣವೆಂದರೆ ಒಂದು ಗಳಿಗೆ ಹೊಳವಿಲ್ಲ ಎಂದು ಅವನ ತಂದೆಯವರ ಅಳಲು. ನನ್ನ ಅಪ್ಪನ ಅಳಲು ಬೇರೆ.

"ಮೋಡ ದಿನಾ ಬರ್ತವೆ ಕಣಪ್ಪ, ಕುರಿಮಂದೆ ಹೋದಂಗೆ ನಮ್ಮ ತಲೆ ಮೇಲೆ ಹಾದು ಹೋಗ್ತವೆ. ನೀನು ಭೂಗೋಳ ಓದೋನಲ್ವ, ಹೇಳು, ಅವು ನಮ್ಮ ಮೇಲೆ ಯಾಕೆ ಉಯ್ಯಲ್ಲ? ಇನ್ನೊಂದು ಬೋರು ಕೊರೆಸಾನ ಅಂತೀನಿ. ಸಾಲ ಕೊಡೋರು ಅದಾರೆ. ನೀನೇನಂತೀಯ?"

ನಾನು ಎರಡು ಪ್ರಶ್ನೆಗಳಿಗೂ ಉತ್ತರ ಕೊಡಲಾರದೆ, "ಯೋಚನೆ ಮಾಡಿ ಹೇಳ್ತೀನಪ್ಪ" ಎಂದುಬಿಟ್ಟೆ. ಪರೀಕ್ಷೆಯಲ್ಲಿ ಜಲಚಕ್ರದ ಚಿತ್ರ ಬರೆದು ಬಾಣದ ಗುರುತು ಹಾಕಿ ಅಂಕ ಪಡೆದವನು ನಾನು. ಆದರೆ ಆ ಬಾಣದ ಗುರುತುಗಳಿಗೂ ನಮ್ಮ ನಾಲ್ಕು ಎಕರೆಗೂ ಇರುವ ಸಂಬಂಧವನ್ನು ಅದುವರೆಗೆ ಯೋಚಿಸಿರಲಿಲ್ಲ. ಆ ನಾಚಿಕೆಯಿಂದ ಓದಿದ್ದನ್ನು, ನಮ್ಮ ಅಧ್ಯಾಪಕರಲ್ಲಿ ಕೇಳಿ ತಿಳಿದುದನ್ನು, ನನ್ನ ಅಲ್ಪಮತಿಗೆ ತೋರಿದಂತೆ ಇಲ್ಲಿ ನಿವೇದಿಸುತ್ತೇನೆ.

ನೀರಿನ ಜಮಾಖರ್ಚು

ಭೂಮಿಯ ಮೇಲಿನ ನೀರಿನಲ್ಲಿ ನೂರಕ್ಕೆ ಸುಮಾರು ೯೭ ಪಾಲು ಕಡಲಿನಲ್ಲಿದೆ. ಉಳಿದ ಸಿಹಿನೀರಿನಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಧ್ರುವಪ್ರದೇಶಗಳಲ್ಲಿಯೂ ಎತ್ತರದ ಪರ್ವತಗಳಲ್ಲಿಯೂ ಮಂಜುಗಡ್ಡೆಯಾಗಿ ನಿಂತಿದೆ. ಮಿಕ್ಕುದರಲ್ಲಿ ಬಹುಭಾಗ ನೆಲದೊಳಗಿದೆ. ನಮ್ಮ ಕಣ್ಣಿಗೆ ಕಾಣುವ ನದಿ, ಕೆರೆ, ಹಳ್ಳಗಳ ಪಾಲು ಅತ್ಯಲ್ಪ. ವಾತಾವರಣದಲ್ಲಿರುವ ನೀರಂತೂ ಇನ್ನೂ ಕಡಿಮೆ. ಗಾಳಿಯಲ್ಲಿರುವ ಆವಿಯನ್ನೆಲ್ಲ ಒಮ್ಮೆಲೇ ನೀರಾಗಿಸಿ ಭೂಮಂಡಲದ ಮೇಲೆ ಸಮನಾಗಿ ಹರಡಿದರೆ ಅದರ ಆಳ ಸುಮಾರು ೨೫ ಮಿಲಿಮೀಟರು, ಅಂದರೆ ಒಂದು ಅಂಗುಲ ಮಾತ್ರ.

ಇಷ್ಟು ಸಣ್ಣ ಗಂಟಿನಿಂದ ಪ್ರಪಂಚದ ಮಳೆಯೆಲ್ಲ ಬರುವುದು ಹೇಗೆ? ಭೂಮಂಡಲದ ಮೇಲೆ ವರ್ಷಕ್ಕೆ ಬೀಳುವ ಮಳೆಯ ಸರಾಸರಿ ಸುಮಾರು ಒಂದು ಮೀಟರು, ಎಂದರೆ ೧,೦೦೦ ಮಿಲಿಮೀಟರು. ೨೫ರಿಂದ ಭಾಗಿಸಿದರೆ ೪೦ ಬರುತ್ತದೆ. ವಾತಾವರಣದ ಕೊಡವು ವರ್ಷಕ್ಕೆ ೪೦ ಸಲ ಬರಿದಾಗಿ ೪೦ ಸಲ ತುಂಬಬೇಕು. ಆದುದರಿಂದ ಒಂದು ಹನಿ ಆವಿಯು ಗಾಳಿಯಲ್ಲಿ ಇರುವ ಕಾಲ ಸರಾಸರಿ ಒಂಬತ್ತು ದಿನ. ನಮ್ಮ ಊರಿನ ಸಾಹುಕಾರರ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ಸಣ್ಣದು, ಚಲಾವಣೆ ದೊಡ್ಡದು.

ನೆಲದ ಮೇಲೆ ಬಿದ್ದ ಮಳೆಯೆಲ್ಲ ನದಿಯ ಮೂಲಕ ಕಡಲಿಗೆ ಮರಳುತ್ತದೆಂದು ನಾನು ತಿಳಿದಿದ್ದೆ. ಅದು ತಪ್ಪು. ನೆಲಕ್ಕೆ ಬೀಳುವ ಮಳೆಯಲ್ಲಿ ಸುಮಾರು ಮೂರನೆಯ ಎರಡು ಪಾಲು ಮಣ್ಣಿನಿಂದ ಆರಿಯೂ, ಗಿಡಮರಗಳ ಎಲೆಗಳ ಮೂಲಕ ಉಸಿರಾಡಲ್ಪಟ್ಟೂ, ಬಂದ ದಾರಿಯಲ್ಲಿಯೇ ಆಕಾಶಕ್ಕೆ ಹಿಂತಿರುಗುತ್ತದೆ. ಮೂರನೆಯ ಒಂದು ಪಾಲು ಮಾತ್ರ ಕಡಲನ್ನು ಸೇರುತ್ತದೆ. ಈ ಮಾತನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಮುಂದೆ ನಮ್ಮ ಹೊಲದ ವಿಚಾರಕ್ಕೆ ಬಂದಾಗ ಇದು ಬೇಕಾಗುತ್ತದೆ.

ನೀರು ಹೊತ್ತೊಯ್ಯುವ ಶಾಖ

ಜಲಚಕ್ರವು ನೀರನ್ನು ಮಾತ್ರ ಸಾಗಿಸುವ ಯಂತ್ರವಾಗಿದ್ದರೆ ಹವಾಮಾನದ ಮೇಲೆ ಅದಕ್ಕೆ ಇಷ್ಟು ಅಧಿಕಾರವಿರುತ್ತಿರಲಿಲ್ಲ. ಅದು ಶಾಖವನ್ನೂ ಸಾಗಿಸುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಗಡಿಗೆಯ ಹೊರಮೈಯಲ್ಲಿ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಯವರೆಗೆ ಕಾಯಿಸಲು ೧೦೦ ಕ್ಯಾಲೊರಿ ಸಾಕು. ಸಾಧಾರಣ ಉಷ್ಣತೆಯಲ್ಲಿ ಅದೇ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು ೫೮೦ ಕ್ಯಾಲೊರಿ ಬೇಕು. ಈ ಶಾಖವು ಉಷ್ಣಮಾಪಕದಲ್ಲಿ ಕಾಣುವುದಿಲ್ಲ. ಆವಿಯಲ್ಲಿ ಅಡಗಿ ಕುಳಿತಿರುತ್ತದೆ. ಆದ್ದರಿಂದಲೇ ಇದಕ್ಕೆ ಗುಪ್ತೋಷ್ಣವೆಂದು ಹೆಸರು.

ಅಡಗಿದ ಶಾಖ ಎಂದಾದರೂ ಹೊರಬೀಳಲೇಬೇಕು. ಆವಿಯು ಮೇಲೇರಿ, ತಂಪಾಗಿ, ಹನಿಯಾಗುವ ಗಳಿಗೆಯಲ್ಲಿ ಅದು ಸುತ್ತಲಿನ ಗಾಳಿಗೆ ಬಿಡುಗಡೆಯಾಗುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಇನ್ನೂ ಮೇಲಕ್ಕೇರುತ್ತದೆ. ಕೆಳಗಿನಿಂದ ಬೇರೆ ತೇವದ ಗಾಳಿ ಆ ಸ್ಥಳಕ್ಕೆ ನುಗ್ಗುತ್ತದೆ. ಅರಬ್ಬಿ ಸಮುದ್ರದ ಮೇಲೆ ಸೂರ್ಯನು ಕೊಟ್ಟ ಶಾಖವು ಹೀಗೆ ಸಹ್ಯಾದ್ರಿಯ ನೆತ್ತಿಯ ಮೇಲೆ ಖರ್ಚಾಗುತ್ತದೆ. ಅದರ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಕಿಲೋಮೀಟರು ನೆಲದ ಮೇಲೆ ೧೦೦ ಮಿಲಿಮೀಟರು ಮಳೆ ಸುರಿದರೆ ಬಿದ್ದ ನೀರು ಹತ್ತು ಕೋಟಿ ಲೀಟರು. ಅಷ್ಟು ಆವಿ ನೀರಾಗುವಾಗ ಬಿಡುಗಡೆಯಾಗುವ ಶಾಖವು, ೧,೦೩೫ ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವು ಪೂರ್ಣ ಶಕ್ತಿಯಿಂದ ಸುಮಾರು ಎರಡೂಮುಕ್ಕಾಲು ದಿನ ನಡೆದರೆ ಬರುವ ಶಕ್ತಿಗೆ ಸಮ. ಮಲೆನಾಡಿನಲ್ಲಿ ಅಂಥ ಮಳೆ ಒಂದೇ ದಿನದಲ್ಲಿ ಒಂದು ಚದರ ಕಿಲೋಮೀಟರಿನ ಮೇಲಲ್ಲ, ನೂರಾರು ಚದರ ಕಿಲೋಮೀಟರುಗಳ ಮೇಲೆ ಬೀಳುತ್ತದೆ! ಬಿರುಗಾಳಿಗೂ ಚಂಡಮಾರುತಕ್ಕೂ ಕಸುವು ಎಲ್ಲಿಂದ ಬರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆವಿಯು ಭೂಮಿಗೆ ಹೊದಿಕೆಯ ಕೆಲಸವನ್ನೂ ಮಾಡುತ್ತದೆ. ನೆಲವು ರಾತ್ರಿ ಹೊರಬಿಡುವ ಶಾಖವನ್ನು ಆವಿಯೂ ಮೋಡವೂ ತಡೆದು ಸ್ವಲ್ಪವನ್ನು ಹಿಂದಕ್ಕೆ ಕಳುಹಿಸುತ್ತವೆ. ಆದುದರಿಂದಲೇ ಮಂಗಳೂರಿನಲ್ಲಿ ಮಳೆಗಾಲದ ಹಗಲಿಗೂ ಇರುಳಿಗೂ ಉಷ್ಣತೆಯ ಅಂತರ ಕಡಿಮೆ. ನಮ್ಮಲ್ಲಿ ಪುಷ್ಯಮಾಸದ ನಿರ್ಮಲವಾದ ರಾತ್ರಿಗಳಲ್ಲಿ ಹೊಲ ಕಾಯುವವನು ಎರಡು ಕಂಬಳಿ ಹೊದೆಯಬೇಕು; ಮಧ್ಯಾಹ್ನಕ್ಕೆ ಅಂಗಿ ತೆಗೆಯಬೇಕು. ಮಳೆ ಕೊಡದ ಆಕಾಶವು ಹೊದಿಕೆಯನ್ನೂ ಕೊಡದು.

ಸಹ್ಯಾದ್ರಿಯ ಗೋಡೆ

ಇನ್ನು ಅಪ್ಪನ ಮೊದಲ ಪ್ರಶ್ನೆಗೆ ಬರುತ್ತೇನೆ. ಆಗುಂಬೆಗೂ ಚಳ್ಳಕೆರೆಗೂ ನೇರ ರೇಖೆಯಲ್ಲಿ ಇನ್ನೂರು ಕಿಲೋಮೀಟರು ಅಂತರವೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೇಲೆ ಮಳೆ. ಚಳ್ಳಕೆರೆಯಲ್ಲಿ ೫೦೦ರ ಆಸುಪಾಸು. ಒಂದೇ ಕಡಲು, ಒಂದೇ ಗಾಳಿ. ಆದರೂ ಹದಿನಾಲ್ಕು ಪಟ್ಟು ವ್ಯತ್ಯಾಸ.

ಜೂನ್ ತಿಂಗಳ ಮೊದಲಲ್ಲಿ ನೈಋತ್ಯ ಮಾರುತವು ಕೇರಳವನ್ನು ಮುಟ್ಟಿ ಕ್ರಮೇಣ ಉತ್ತರಕ್ಕೆ ಬರುತ್ತದೆ. ನೆಲವೂ ಕಡಲೂ ಬೇರೆ ಬೇರೆ ಪ್ರಮಾಣದಲ್ಲಿ ಕಾಯುವುದು ಇಂಥ ಗಾಳಿಗೆ ಕಾರಣವೆಂದು ೧೬೮೬ರಲ್ಲಿಯೇ ಎಡ್ಮಂಡ್ ಹ್ಯಾಲಿಯು ಬರೆದನು. ಅನಂತರದ ವಿದ್ವಾಂಸರು ಭೂಮಿಯ ಭ್ರಮಣವನ್ನೂ ಆವಿಯ ಗುಪ್ತೋಷ್ಣವನ್ನೂ ಸೇರಿಸಿ ಆ ವಿವರಣೆಯನ್ನು ತಿದ್ದಿದರು.

ಈ ಗಾಳಿ ಕರಾವಳಿಗೆ ಬಂದಾಗ ಅದರ ಉಷ್ಣತೆ ೨೮ ಡಿಗ್ರಿ ಎಂದು ಭಾವಿಸೋಣ. ಎದುರಿಗೆ ಸಹ್ಯಾದ್ರಿ ನಿಂತಿದೆ. ಪಕ್ಕಕ್ಕೆ ಸರಿಯಲು ದಾರಿಯಿಲ್ಲದ ಗಾಳಿ ಮೇಲಕ್ಕೇರಲೇಬೇಕು. ಮೇಲೆ ಒತ್ತಡ ಕಡಿಮೆಯಾದ್ದರಿಂದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಂಪಾಗುತ್ತದೆ. ಮೋಡ ಕಟ್ಟುವವರೆಗೆ ಒಂದು ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ಇಳಿತ. ನಾನೂರು ಮೀಟರು ಏರುವಷ್ಟರಲ್ಲಿ ೨೪ ಡಿಗ್ರಿ. ತೇವದ ಗಾಳಿಯಾದುದರಿಂದ ಅಲ್ಲಿಗೇ ಮೋಡ ಕಟ್ಟುತ್ತದೆ. ಅಲ್ಲಿಂದ ಮುಂದೆ ಆವಿ ಹನಿಯಾಗುತ್ತ ಗುಪ್ತೋಷ್ಣವನ್ನು ಬಿಡುತ್ತಿರುವುದರಿಂದ ಇಳಿತ ನಿಧಾನ, ಕಿಲೋಮೀಟರಿಗೆ ಸುಮಾರು ನಾಲ್ಕು ಡಿಗ್ರಿ. ಸಾವಿರ ಮೀಟರಿನ ನೆತ್ತಿಯನ್ನು ಮುಟ್ಟಿದಾಗ ಗಾಳಿಯ ಉಷ್ಣತೆ ಇಪ್ಪತ್ತೊಂದೂವರೆ ಡಿಗ್ರಿಯಷ್ಟು. ಈ ಏರಿಕೆಯಲ್ಲಿ ಒಂದು ಕಿಲೋಗ್ರಾಂ ಗಾಳಿ ಕಳೆದುಕೊಂಡ ನೀರು ಒಂದೂವರೆ ಗ್ರಾಮಿನ ಸುಮಾರು. ಒಂದೂವರೆ ಗ್ರಾಂ ಎಂದರೆ ಒಂದು ಚಮಚವೂ ತುಂಬದು. ಆದರೆ ಗಾಳಿಯ ಹೊಳೆ ಹಗಲಿರುಳೆನ್ನದೆ ನಾಲ್ಕು ತಿಂಗಳು ಹರಿಯುತ್ತದೆ. ಆ ಚಮಚಗಳೆಲ್ಲ ಸೇರಿ ಆಗುಂಬೆಯ ಮಳೆಯಾಗುತ್ತದೆ.

ನೆತ್ತಿ ದಾಟಿದ ಗಾಳಿ ಪೂರ್ವಕ್ಕೆ ಇಳಿಯುತ್ತದೆ. ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ. ನಮ್ಮ ಕಡೆಯ ನೆಲದ ಎತ್ತರ ಸುಮಾರು ೬೦೦ ಮೀಟರು. ಅಲ್ಲಿಗೆ ಇಳಿಯುವಷ್ಟರಲ್ಲಿ ಗಾಳಿ ನಾಲ್ಕು ಡಿಗ್ರಿ ಕಾಯ್ದು ಇಪ್ಪತ್ತೈದೂವರೆಯಾಗುತ್ತದೆ. ಏರುವಾಗ ಅದೇ ೬೦೦ ಮೀಟರಿನಲ್ಲಿ ಅದರ ಉಷ್ಣತೆ ಇಪ್ಪತ್ತಮೂರೂ ಚಿಲ್ಲರೆ ಇದ್ದಿತು. ಅಂದರೆ ಗಾಳಿಯು ನೀರನ್ನು ಮಲೆನಾಡಿಗೆ ಕೊಟ್ಟು, ಆ ನೀರಿನ ಶಾಖವನ್ನು ಮಾತ್ರ ನಮಗೆ ತಂದಿತು! ಬಿಸಿಯಾದ ಗಾಳಿ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದಾದ್ದರಿಂದ ಮೋಡದ ಹನಿಗಳು ಮತ್ತೆ ಆವಿಯಾಗುತ್ತವೆ, ಮೋಡ ತೆಳುವಾಗುತ್ತದೆ. ಇದು ಸ್ಥೂಲ ಲೆಕ್ಕ; ನಿಜವಾದ ಆಕಾಶವು ಇಷ್ಟು ಸರಳವಾಗಿರುವುದಿಲ್ಲ. ಆದರೂ ಅಪ್ಪ ಕಂಡ ಕುರಿಮಂದೆ ಯಾವುದೆಂದು ನನಗೆ ಗೊತ್ತಾಯಿತು. ಅವು ಮಲೆನಾಡಿನಲ್ಲಿ ಹಾಲು ಕರೆಸಿಕೊಂಡು ಬಂದ ಮೋಡಗಳು. ಇಂಥ ನಾಡಿಗೆ ಭೂಗೋಳಶಾಸ್ತ್ರಜ್ಞರು ಮಳೆನೆರಳಿನ ಪ್ರದೇಶವೆಂದು ಹೆಸರಿಟ್ಟಿದ್ದಾರೆ. ದುರ್ಗದಲ್ಲಿರುವ ನಮಗೆ ಒಂದು ಚಿಕ್ಕ ಸಾಕ್ಷ್ಯ ಹತ್ತಿರದಲ್ಲಿಯೇ ಇದೆ. ಊರಿನಲ್ಲಿ ಒಣಗಾಳಿ ಬೀಸುವ ದಿನ ಜೋಗಿಮಟ್ಟಿಯ ನೆತ್ತಿಯನ್ನು ಮಂಜು ಮುಸುಕಿರುವುದನ್ನು ಬೆಳಗಿನ ಹೊತ್ತು ಅಲ್ಲಿಗೆ ಹೋದವರೆಲ್ಲ ಕಂಡಿದ್ದಾರೆ. ಏರಿದ ಗಾಳಿಗೆ ಮೋಡ, ಇಳಿದ ಗಾಳಿಗೆ ಬಿಸಿಲು.

ನಮ್ಮ ಪಾಲಿನ ಮಳೆ

ಹಾಗಾದರೆ ನಮ್ಮ ೫೦೦ ಮಿಲಿಮೀಟರು ಎಲ್ಲಿಂದ ಬರುತ್ತದೆ? ಬಹುಭಾಗ ಮಾರುತವು ಹಿಂತಿರುಗುವ ಕಾಲದಲ್ಲಿ, ಸೆಪ್ಟೆಂಬರು ಅಕ್ಟೋಬರುಗಳಲ್ಲಿ. ಪಡುವಣ ಗಾಳಿಯ ಬಿರುಸು ತಗ್ಗಿದ ಆ ದಿನಗಳಲ್ಲಿ ಹಗಲು ಕಾಯ್ದ ನೆಲದಿಂದ ಗಾಳಿ ನೇರವಾಗಿ ಮೇಲೇರಿ ಸಂಜೆಗೆ ಗುಡುಗುಮಳೆಯಾಗುತ್ತದೆ; ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೂ ಮೂಡಣದಿಂದ ತೇವವನ್ನು ಕಳುಹಿಸುತ್ತವೆ. ನಮ್ಮ ರೈತರು ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರಿಟ್ಟು ಬಿತ್ತನೆ ಕೊಯ್ಲುಗಳನ್ನು ಗೊತ್ತುಮಾಡಿಕೊಂಡರು. ಮಲೆನಾಡಿನವನು ಆರಿದ್ರ, ಪುನರ್ವಸುಗಳನ್ನು ಎದುರುನೋಡಿದರೆ ನಮ್ಮವರು ಉತ್ತರೆ, ಹಸ್ತ, ಚಿತ್ತೆಗಳನ್ನು ಎದುರುನೋಡುತ್ತಾರೆ. ಶೇಂಗಾ ಗಿಡದ ಹೂವು ಕಟ್ಟಿ, ಅದರ ಸೂಜಿ ಮಣ್ಣಿಗಿಳಿದು ಕಾಯಾಗುವ ಹೊತ್ತಿನಲ್ಲಿ ನೆಲ ಮೆತ್ತಗಿರಬೇಕು. ಆ ಎರಡು ವಾರ ತಪ್ಪಿದರೆ ಉಳಿಯುವುದು ಹೊಟ್ಟು ಮಾತ್ರ.

ವಾಯುಗುಣವನ್ನು ನಿರ್ಧರಿಸುವುದು ಬಿದ್ದ ಮಳೆಯೊಂದೇ ಅಲ್ಲ. ಆಕಾಶವು ಹಿಂದಕ್ಕೆ ಕೇಳುವ ನೀರೂ ಲೆಕ್ಕಕ್ಕೆ ಬರಬೇಕು. ನಮ್ಮ ಬಿಸಿಲಿಗೂ ಗಾಳಿಗೂ ತೆರೆದಿಟ್ಟ ನೀರಿನ ತೊಟ್ಟಿಯಿಂದ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ನೀರು ಆರಿಹೋಗುತ್ತದೆ. ಆಕಾಶ ಕೊಡುವುದು ಅರ್ಧ ಮೀಟರು, ಕೇಳುವುದು ಅದರ ಮೂರರಷ್ಟು. ಬಯಲುಸೀಮೆ ಎಂಬ ಮಾತಿನ ಅರ್ಥವೆಲ್ಲ ಈ ಜಮಾಖರ್ಚಿನಲ್ಲಿದೆ.

ದೂರದ ಕಡಲು, ಕಾಯುತ್ತಿರುವ ಭೂಮಿ

ಮಳೆನೆರಳು ಪ್ರತಿವರ್ಷವೂ ಇರುವಂಥದು. ಬರಗಾಲವು ಕೆಲವು ವರ್ಷ ಮಾತ್ರ ಬರುವುದೇಕೆ? ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಭಾರತದ ಹವಾಮಾನ ಇಲಾಖೆಯು ಅದಕ್ಕೆ ಸ್ವಲ್ಪ ಮೊದಲು, ೧೮೭೫ರಲ್ಲಿ, ಸ್ಥಾಪಿತವಾಗಿದ್ದಿತು. ಮಾರುತದ ಏರುಪೇರಿನ ಗುಟ್ಟನ್ನು ತಿಳಿಯಬೇಕೆಂದು ಮುಂದೆ ಆ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರನು ಪ್ರಪಂಚದ ನಾನಾ ಕಡೆಯ ಒತ್ತಡದ ಅಂಕಿಗಳನ್ನು ಕೂಡಿಹಾಕಿದನು. ಶಾಂತಸಾಗರದ ಒತ್ತಡ ಏರಿದಾಗ ಹಿಂದೂ ಸಾಗರದ ಒತ್ತಡ ಇಳಿಯುತ್ತದೆ, ಅದು ಇಳಿದಾಗ ಇದು ಏರುತ್ತದೆ ಎಂಬ ತಕ್ಕಡಿಯಂಥ ತೂಗಾಟವನ್ನು ಅವನು ಕಂಡನು. ಶಾಂತಸಾಗರದ ನಡುಭಾಗವೂ ಪೂರ್ವಭಾಗವೂ ಅತಿಯಾಗಿ ಕಾಯುವ ಎಲ್ ನಿನೊ ಎಂಬ ಸ್ಥಿತಿಗೂ ಈ ತೂಗಾಟಕ್ಕೂ ಇರುವ ನಂಟು ಆಮೇಲೆ ತಿಳಿಯಿತು. ಅಲ್ಲಿ ಕಡಲು ಕಾಯ್ದಾಗ ಮೇಲೇರುವ ಗಾಳಿಯ ತಾಣವು ಪೂರ್ವಕ್ಕೆ ಸರಿಯುತ್ತದೆ. ನಮ್ಮ ಕಡೆ ಗಾಳಿ ಇಳಿಯುವ ಪ್ರವೃತ್ತಿ ಹೆಚ್ಚುತ್ತದೆ. ಪ್ರತಿ ಎಲ್ ನಿನೊ ವರ್ಷವೂ ಬರವಲ್ಲ. ಆದರೆ ಬರದ ಸಂಭವ ಹೆಚ್ಚು. ೨೦೨೩ ಅಂಥ ವರ್ಷ. ೧೯೦೧ರಿಂದ ಇಟ್ಟಿರುವ ಲೆಕ್ಕದಲ್ಲಿ ಭಾರತಕ್ಕೆ ಅತಿ ಕಡಿಮೆ ಮಳೆಯ ಆಗಸ್ಟ್ ತಿಂಗಳು ಆ ವರ್ಷದ್ದು. ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ನನ್ನ ಗೆಳೆಯನ ಮನೆಯ ಮಳೆಯೂ ಆ ತಿಂಗಳು ನಿಂತಿತು. ಜುಲೈಯಲ್ಲಿ ಕೊಳೆತ ತೋಟ ಆಗಸ್ಟಿನಲ್ಲಿ ಬಾಡಿತು.

ಅದಕ್ಕೆ ಹಿಂದಿನ ವರ್ಷ ಇದಕ್ಕೆ ತೀರ ವ್ಯತಿರಿಕ್ತ. ೨೦೨೨ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರವು ತುಂಬಿ ಕೋಡಿ ಹರಿಯಿತು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ಈ ಜಲಾಶಯ ಅದಕ್ಕೆ ಮುಂಚೆ ಕೋಡಿ ಬಿದ್ದದ್ದು ೧೯೩೩ರಲ್ಲಿ. ನಡುವೆ ೮೯ ವರ್ಷಗಳು. ಭದ್ರೆಯಿಂದ ಎತ್ತಿ ಹರಿಸಿದ ನೀರೂ ಈ ಸಲ ಸೇರಿತ್ತೆಂಬುದನ್ನು ಮರೆಯಬಾರದು. ನಾನೂ ನೋಡಲು ಹೋಗಿದ್ದೆ. ಜನ ಬಾಗಿನ ಹಿಡಿದು ನಿಂತಿದ್ದರು. ಮುದುಕರೊಬ್ಬರು ನೀರನ್ನೇ ನೋಡುತ್ತ, "ನಮ್ಮಪ್ಪ ಹೇಳ್ತಿದ್ದ, ನಾನು ನಂಬಿರಲಿಲ್ಲ" ಎಂದರು.

ಒಂದು ವರ್ಷ ಕೋಡಿ, ಮರುವರ್ಷ ಬರ. ಇಂಥ ಏರಿಳಿತ ಹಿಂದೆಯೂ ಇದ್ದಿತು. ಆದರೆ ಈಗ ಭೂಮಿಯ ಸರಾಸರಿ ಉಷ್ಣತೆಯು ಕಲ್ಲಿದ್ದಲು, ಎಣ್ಣೆಗಳ ಉರಿತದಿಂದ ಹತ್ತೊಂಬತ್ತನೆಯ ಶತಮಾನಕ್ಕಿಂತ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಒಂದು ಡಿಗ್ರಿ ಏರಿದರೆ ಗಾಳಿ ಹಿಡಿಯಬಲ್ಲ ಆವಿ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುತ್ತದೆ. ಕೊಡ ದೊಡ್ಡದಾಯಿತು. ದೊಡ್ಡ ಕೊಡ ತುಂಬಲು ಹೆಚ್ಚು ಹೊತ್ತು ಬೇಕು. ತುಂಬುವವರೆಗೆ ಅದು ನೆಲದ ತೇವವನ್ನೇ ಹೀರುತ್ತದೆ. ಕವಿಚಿದಾಗ ಒಮ್ಮೆಲೇ ಸುರಿಯುತ್ತದೆ. ಸುರಿದರೆ ವಿಪರೀತ, ಬಿಟ್ಟರೆ ದೀರ್ಘಕಾಲ ಎಂಬ ರೀತಿ ಹೆಚ್ಚುತ್ತಿರುವುದಕ್ಕೆ ಇದೊಂದು ಮುಖ್ಯ ಕಾರಣ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ನಾವಾರೂ ಮರೆತಿಲ್ಲ.

ಅಪ್ಪನಿಗೆ ಕೊಟ್ಟ ಉತ್ತರ

ಜಲಚಕ್ರದಲ್ಲಿ ಅತಿ ವೇಗದ ಭಾಗ ಆಕಾಶದ್ದು. ಒಂಬತ್ತು ದಿನದ ವ್ಯವಹಾರ. ಅತಿ ನಿಧಾನದ ಭಾಗಗಳಲ್ಲಿ ಒಂದು ನೆಲದೊಳಗಿನದು. ನಮ್ಮ ಕಡೆ ಕೆಳಗಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮಾತ್ರ. ಅಲ್ಲಿಗೆ ಇಳಿಯುವ ಪಾಲು ಬಿದ್ದ ಮಳೆಯಲ್ಲಿ ತೀರ ಅಲ್ಪ. ಆಳದ ಬಿರುಕಿನಲ್ಲಿರುವ ನೀರು ಬಹುಕಾಲದ ಹಿಂದಿನ ಮಳೆಗಳ ಉಳಿತಾಯ. ಅದನ್ನು ಪ್ರತಿದಿನ ಮೇಲೆತ್ತುವುದೆಂದರೆ ಅಜ್ಜನ ಗಂಟನ್ನು ಬಿಚ್ಚಿ ದಿನಸಿ ತಂದಂತೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ಜಲಸೆಲೆಗಳನ್ನು ಕಂಡುಹಿಡಿಯುವ ವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಆದರೆ ಅವನ ಕಾಲದಲ್ಲಿ ಬಾವಿ ತೋಡುವವರು ಮನುಷ್ಯರು. ಆರುನೂರು ಅಡಿ ಕೊರೆಯುವ ಯಂತ್ರವಿರಲಿಲ್ಲ. ನಮ್ಮ ಹಳೆಯ ಬೋರು ಆರುನೂರು ಅಡಿಯದು. ಮೂರು ವರ್ಷ ನೀರು ಕೊಟ್ಟು, ಒಂದು ಬೇಸಿಗೆಯಲ್ಲಿ ಗಾಳಿಯುಗುಳಿ ನಿಂತುಹೋಯಿತು. ಅದರ ಸಾಲ ಮಾತ್ರ ನಿಲ್ಲಲಿಲ್ಲ.

ಇನ್ನೊಂದು ಲೆಕ್ಕ ಮಾಡಿದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸುಮಾರು ೪,೦೦೦ ಲೀಟರು ನೀರು. ೫೦೦ ಮಿಲಿಮೀಟರಿಗೆ ಇಪ್ಪತ್ತು ಲಕ್ಷ. ನಮ್ಮ ನಾಲ್ಕು ಎಕರೆಗೆ ಎಂಬತ್ತು ಲಕ್ಷ ಲೀಟರು. ಎಂಬತ್ತು ಲಕ್ಷ ಲೀಟರು ನಮ್ಮ ಹೊಲಕ್ಕೆ ಬಂದು, ನಿಲ್ಲಲು ಜಾಗವಿಲ್ಲದೆ, ಅರ್ಧ ದಿನದ ಹಳ್ಳವಾಗಿ ಹರಿದೂ, ಬರಿನೆಲದಿಂದ ಆರಿಯೂ ಹೋಗುತ್ತಿದೆ. ಅಂತಹ ಹೊಲದ ಅಡಿಯಲ್ಲಿ ನಾವು ನೀರು ಹುಡುಕುತ್ತಿದ್ದೇವೆ.

ಈ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿದ್ದಿತು. ಸಾಕ್ಷಿ ಬೇಕಾದವರು ನಮ್ಮ ಕಾಲೇಜಿನಿಂದ ಕೋಟೆಗೆ ನಡೆದುಹೋಗಲಿ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುವಂತೆ ಏರ್ಪಾಡು ಮಾಡಿದ್ದಾರೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಓಡಗೊಡದೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ್ದಾರೆ. ಮಳೆಯನ್ನು ಹೆಚ್ಚಿಸುವುದು ಪಾಳೆಯಗಾರರ ಕೈಯಲ್ಲೂ ಇರಲಿಲ್ಲ. ಮಳೆಯ ನಡಿಗೆಯನ್ನು ನಿಧಾನಿಸುವುದು ಕೈಯಲ್ಲಿತ್ತು. ಅದನ್ನು ಅವರು ಮಾಡಿದರು.

ಆ ಭಾನುವಾರ ಊರಿಗೆ ಹೋಗಿ ಅಪ್ಪನ ಮುಂದೆ ಈ ಲೆಕ್ಕವನ್ನೆಲ್ಲ ಹೇಳಿದೆ. ಬೋರಿಗೆ ಸಾಲ ಬೇಡ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕೋಣ, ಹೊಲದ ತಗ್ಗಿನ ಮೂಲೆಯಲ್ಲಿ ಹೊಂಡ ತೆಗೆಸೋಣ, ಕೆರೆಯ ಹೂಳು ಹೊಡೆಸೋಣ, ಒಂದು ಎಕರೆಗೆ ಶೇಂಗಾ ಬಿಟ್ಟು ನವಣೆ ಹಾಕೋಣ ಎಂದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

"ಹೊಂಡ ತುಂಬಾಕೂ ಮಳೆ ಬರಬೇಕಲ್ಲಪ್ಪ" ಎಂದ.

"ಬರಬೇಕು. ಆದ್ರೆ ಬಂದಾಗ ಹಿಡಿಯಾಕೆ ಒಂದು ಜಾಗ ಆಗ್ತದೆ. ಬೋರಲ್ಲಿ ಹಿಡಿಯೋದಿಲ್ಲಪ್ಪ, ತೆಗೆಯೋದೊಂದೇ" ಎಂದೆ.

ಆ ವರ್ಷ ನಾನು ಹೇಳಿದ್ದರಿಂದ ಏನೂ ಉಪಯೋಗವಾಗಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಆಗಸ್ಟ್ ಒಣಗಿತು, ಶೇಂಗಾ ದನದ ಮೇವಾಯಿತು. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಬೋರು ಕೊರೆಸಿದ್ದರೆ ಬೆಳೆ ಉಳಿಯುತ್ತಿತ್ತೇನೋ ಎಂಬ ಯೋಚನೆ ಎಷ್ಟೋ ರಾತ್ರಿ ನನ್ನನ್ನು ಕಾಡಿತು. ಪಕ್ಕದ ಹೊಲದವರು ಕೊರೆಸಿದ ಬೋರಿನಲ್ಲಿ ನೀರು ಬರಲಿಲ್ಲವೆಂಬುದು ಸಮಾಧಾನದ ಸಂಗತಿಯಲ್ಲ, ಅವರೂ ನಮ್ಮವರೇ.

ಮರುವರ್ಷದ ಬೇಸಿಗೆಯಲ್ಲಿ ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ, ಹತ್ತಡಿ ಆಳದ ಹೊಂಡ ತೆಗೆಸಿದೆವು. ಅದಕ್ಕೆ ಹಿಡಿಯುವುದು ಸುಮಾರು ಎರಡೂವರೆ ಲಕ್ಷ ಲೀಟರು. ಅಂದರೆ ಒಂದು ಎಕರೆಗೆ ಸುಮಾರು ೬೦ ಮಿಲಿಮೀಟರಿನ ಒಂದೇ ಒಂದು ಮಳೆಯಷ್ಟು. ನಾಲ್ಕು ಎಕರೆಯನ್ನು ಅದು ಕಾಯಲಾರದು. ಬಿಸಿಲು ಅದರಿಂದಲೂ ದಿನದಿನವೂ ತನ್ನ ಪಾಲು ಕೇಳುತ್ತದೆ. ಆದರೆ ಸೂಜಿ ಮಣ್ಣಿಗಿಳಿಯುವ ಎರಡು ವಾರದಲ್ಲಿ ಒಂದು ಎಕರೆಯ ಜೀವ ಹಿಡಿಯಬಲ್ಲುದು. ೨೦೨೪ರ ಚಿತ್ತೆ ಮಳೆಗೆ ಹೊಂಡ ತುಂಬಿತು. ಅಪ್ಪ ಫೋನು ಮಾಡಿದ. "ತುಂಬೈತೆ ಕಣಪ್ಪ, ಬಂದು ನೋಡು" ಎಂದಷ್ಟೇ ಹೇಳಿದ.

ಕಡಲಿನಿಂದ ಎದ್ದ ಆವಿ ಸಹ್ಯಾದ್ರಿಯನ್ನು ದಾಟುವುದನ್ನು ನಾವು ಬದಲಿಸಲಾರೆವು. ಶಾಂತಸಾಗರದ ತಕ್ಕಡಿಯನ್ನು ಹಿಡಿದು ನಿಲ್ಲಿಸಲಾರೆವು. ಮಳೆ ನೆಲಕ್ಕೆ ಬಿದ್ದ ಕ್ಷಣದಿಂದ ಹಳ್ಳ ಸೇರುವ ಕ್ಷಣದವರೆಗಿನ ಚಿಕ್ಕ ಬಾಣದ ಗುರುತು ಮಾತ್ರ ನಮ್ಮ ವಶದಲ್ಲಿದೆ. ಪರೀಕ್ಷೆಯ ಚಿತ್ರದಲ್ಲಿ ಆ ಗುರುತನ್ನು ನಾನು ಯಾವಾಗಲೂ ಅವಸರದಲ್ಲಿ ಎಳೆಯುತ್ತಿದ್ದೆ. ಈಗ ಅದನ್ನು ಎಳೆಯುವಾಗ ನಮ್ಮ ಹೊಲದ ತಗ್ಗಿನ ಮೂಲೆ ಕಣ್ಣಿಗೆ ಬರುತ್ತದೆ. ನನ್ನ ಸಹಪಾಠಿಗಳು ಈ ಸಲ ಊರಿಗೆ ಹೋದಾಗ ತಮ್ಮ ಹೊಲದ ತಗ್ಗು ಯಾವ ಮೂಲೆಯಲ್ಲಿದೆಯೆಂದು ಒಮ್ಮೆ ನೋಡಿ ಬರಬೇಕೆಂದು ಕೋರಿ, ತಪ್ಪುಗಳಿದ್ದರೆ ಗುರುಗಳು ತಿದ್ದಬೇಕೆಂದು ಬೇಡಿ, ಈ ಲೇಖನವನ್ನು ಮುಗಿಸುತ್ತೇನೆ.